ವಿಚಾರಣೆ ನಡೆಸುವವರೇ ವಿಮಾನ ಹಾರಿಸಿದಾಗ

1999ರ ಜೂನ್ 1ರ ರಾತ್ರಿ ಅಮೆರಿಕದ ಲಿಟಲ್ ರಾಕ್ ವಿಮಾನ ನಿಲ್ದಾಣದ ಮೇಲೆ ಗುಡುಗು ಮಿಂಚಿನ ಬಿರುಗಾಳಿ ಎದ್ದಿತ್ತು. ನಡುರಾತ್ರಿ ಸಮೀಪಿಸುತ್ತಿದ್ದಾಗ ಅಮೆರಿಕನ್ ಏರ್‌ಲೈನ್ಸ್‌ನ 1420ನೇ ವಿಮಾನ 145 ಮಂದಿಯನ್ನು ಹೊತ್ತು ಅಲ್ಲಿಗೆ ಇಳಿಯಲು ಬಂತು. ಚಕ್ರಗಳು ನೆಲ ಮುಟ್ಟಿದವು. ಆದರೆ ರೆಕ್ಕೆಯ ಮೇಲೆ ಎದ್ದು ನಿಂತು, ವಿಮಾನದ ಭಾರವನ್ನು ಚಕ್ರಗಳಿಗೆ ವರ್ಗಾಯಿಸಬೇಕಿದ್ದ ಸ್ಪಾಯ್ಲರ್ ಫಲಕಗಳು ಏಳಲೇ ಇಲ್ಲ. ಭಾರ ಬೀಳದ ಚಕ್ರಗಳಿಗೆ ಬ್ರೇಕ್ ಹಾಕಿದರೂ ಹಿಡಿತ ಸಿಗುವುದಿಲ್ಲ. ಒದ್ದೆ ರನ್‌ವೇಯಲ್ಲಿ ಜಾರುತ್ತಾ ಹೋದ ವಿಮಾನ ಅದರ ಕೊನೆಯನ್ನೂ ದಾಟಿ, ದೀಪಗಳನ್ನು ಹೊತ್ತ ಲೋಹದ ಚೌಕಟ್ಟಿಗೆ ಬಡಿದು ಮುರಿಯಿತು. ಕ್ಯಾಪ್ಟನ್ ಮತ್ತು ಹತ್ತು ಪ್ರಯಾಣಿಕರು ಸತ್ತರು. ಸ್ಪಾಯ್ಲರ್‌ಗಳನ್ನು ಮೊದಲೇ ಸಜ್ಜುಗೊಳಿಸಿರಲಿಲ್ಲ ಎಂದೂ, ಅಂಥ ಬಿರುಗಾಳಿಯಲ್ಲಿ ಇಳಿಯುವ ಪ್ರಯತ್ನವನ್ನೇ ಕೈಬಿಡಬೇಕಿತ್ತು ಎಂದೂ ತನಿಖೆ ಹೇಳಿತು. ಇಬ್ಬರು ಪೈಲಟ್‌ಗಳೂ ದೀರ್ಘ ದಿನದ ದುಡಿಮೆಯಿಂದ ದಣಿದಿದ್ದರು.

ಈ ಅಪಘಾತವನ್ನು ಬಿರುಗಾಳಿ ಮತ್ತು ದಣಿವಿನ ಪಾಠವಾಗಿ ಎಲ್ಲೆಡೆ ಕಲಿಸುತ್ತಾರೆ. ನನ್ನ ಗಮನ ಹೋಗುವುದು ಕಾಕ್‌ಪಿಟ್‌ನಲ್ಲಿ ಯಾರು ಯಾರ ಪಕ್ಕ ಕೂತಿದ್ದರು ಎಂಬುದರ ಕಡೆಗೆ. ಎಡಗಡೆ ಇದ್ದ ಕ್ಯಾಪ್ಟನ್ ಆ ಸಂಸ್ಥೆಯ ಷಿಕಾಗೊ ನೆಲೆಯ ಮುಖ್ಯ ಪೈಲಟ್. ಹತ್ತು ಸಾವಿರಕ್ಕೂ ಹೆಚ್ಚು ಗಂಟೆ ಹಾರಿದ್ದ ಅಧಿಕಾರಿ. ಬಲಗಡೆ ಇದ್ದ ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್, ಸಂಸ್ಥೆಗೆ ಸೇರಿ ವರ್ಷವೂ ತುಂಬಿರಲಿಲ್ಲ, ಅವರಿನ್ನೂ ಪ್ರೊಬೇಷನ್‌ನಲ್ಲಿದ್ದರು. ಇಳಿಯುವ ಪ್ರಯತ್ನ ಕೈಬಿಟ್ಟು ಮತ್ತೆ ಮೇಲೇರೋಣ ಎಂಬ ಅರ್ಥದ ‘ಗೋ ಅರೌಂಡ್’ ಎಂಬ ಮಾತನ್ನು ತಾನು ಆಡಿದ್ದೆ, ಆದರೆ ಗಟ್ಟಿಯಾಗಿ ಆಡಲಿಲ್ಲ ಎಂದು ಬದುಕುಳಿದ ಅವರು ತನಿಖಾಧಿಕಾರಿಗಳಿಗೆ ಹೇಳಿದರು.

ಈಗ ಒಂದು ಊಹೆ. ವಿಮಾನ ಆ ರಾತ್ರಿ ರನ್‌ವೇಯ ಅಂಚಿನಲ್ಲಿ ಹೇಗೋ ನಿಂತುಬಿಟ್ಟಿದ್ದರೆ? ಯಾರಿಗೂ ಗಾಯವಿಲ್ಲ, ವಿಮಾನಕ್ಕೆ ತರಚೂ ಇಲ್ಲ, ಪ್ರಯಾಣಿಕರು ಚಪ್ಪಾಳೆ ತಟ್ಟಿ ಇಳಿದುಹೋದರು ಎಂದುಕೊಳ್ಳಿ. ಆಗ ಆ ಹೊಸ ಪೈಲಟ್ ವರದಿ ಬರೆಯುತ್ತಿದ್ದರೇ? ಬರೆದಿದ್ದರೆ ಅದು ಯಾರ ಮೇಜಿಗೆ ಹೋಗುತ್ತಿತ್ತು? ಈ ಲೇಖನ ಹೇಳಹೊರಟಿರುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ. ಇದು ಯಾವುದೇ ಒಂದು ಸಂಸ್ಥೆಯ ಕಥೆಯಲ್ಲ. ಪೈಲಟ್‌ಗಳು ಕಚೇರಿಯ ಅಧಿಕಾರವನ್ನೂ ಹೊಂದಿರುವ ಎಲ್ಲ ಕಡೆ ಈ ಪ್ರಶ್ನೆ ಏಳುತ್ತದೆ.

ಎರಡು ಕುರ್ಚಿಗಳ ಪೈಲಟ್

ರೋಸ್ಟರ್‌ನಲ್ಲಿ ಹೆಸರು ಬಂದಂತೆ ದಿನವೂ ಹಾರುವವರನ್ನು ಲೈನ್ ಪೈಲಟ್ ಎನ್ನುತ್ತಾರೆ. ಹಾರಾಟದ ಜೊತೆಗೆ ಕಚೇರಿಯ ಹುದ್ದೆಯನ್ನೂ ನಿಭಾಯಿಸುವವರು ಮ್ಯಾನೇಜ್‌ಮೆಂಟ್ ಪೈಲಟ್‌ಗಳು: ಕಾರ್ಯಾಚರಣೆ ನಿರ್ದೇಶಕರು, ಮುಖ್ಯ ಪೈಲಟ್, ತರಬೇತಿ ಮುಖ್ಯಸ್ಥರು, ಒಂದೊಂದು ಮಾದರಿಯ ವಿಮಾನಗಳನ್ನು ನೋಡಿಕೊಳ್ಳುವ ಫ್ಲೀಟ್ ಮ್ಯಾನೇಜರ್‌ಗಳು. ಇವು ಸಂಸ್ಥೆ ತನ್ನ ಇಷ್ಟಕ್ಕೆ ಹುಟ್ಟುಹಾಕಿಕೊಂಡ ಹುದ್ದೆಗಳಲ್ಲ. ಉದಾಹರಣೆಗೆ, ಕಾರ್ಯಾಚರಣೆ ನಿರ್ದೇಶಕ, ಮುಖ್ಯ ಪೈಲಟ್, ಸುರಕ್ಷತಾ ನಿರ್ದೇಶಕ ಎಂಬ ಹುದ್ದೆಗಳು ದೊಡ್ಡ ಸಂಸ್ಥೆಗಳಲ್ಲಿ ಇರಲೇಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಇತರ ದೇಶಗಳಲ್ಲೂ ಇದಕ್ಕೆ ಹೋಲುವ ವ್ಯವಸ್ಥೆಯಿದೆ. ಹಾರಾಟದ ನಿಯಮಗಳನ್ನು ಹಾರಲು ಬಲ್ಲವರೇ ರೂಪಿಸಬೇಕು ಎಂಬುದು ಇದರ ಹಿಂದಿನ ತರ್ಕ, ಮತ್ತು ಅದು ಸರಿಯಾದ ತರ್ಕ. ಕಾಕ್‌ಪಿಟ್‌ನೊಳಗೆ ಕೂತೇ ಇರದವರು ಬರೆದ ನಿಯಮ ಪುಸ್ತಕದಲ್ಲಿ ಚೆನ್ನಾಗಿರುತ್ತದೆ, ಮಳೆಯ ರಾತ್ರಿಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ತೊಡಕು ಇರುವುದು ಈ ಹುದ್ದೆಗಳ ಕೈಯಲ್ಲಿ ಒಟ್ಟಾಗುವ ಅಧಿಕಾರದಲ್ಲಿ. ಯಾರಿಗೆ ಕ್ಯಾಪ್ಟನ್ ಬಡ್ತಿ, ಯಾರಿಗೆ ತರಬೇತುದಾರನ ಹೊಣೆ, ತಪ್ಪಿದವರಿಗೆ ಬರೀ ಎಚ್ಚರಿಕೆಯೋ ಮರುತರಬೇತಿಯೋ ಅಮಾನತೋ ಎಂಬ ತೀರ್ಮಾನಗಳೆಲ್ಲ ಈ ಮೇಜುಗಳ ಮೂಲಕವೇ ಹೋಗುತ್ತವೆ. ನಿಯಂತ್ರಕ ಸಂಸ್ಥೆಯ ಪರವಾಗಿ ಸಹೋದ್ಯೋಗಿಗಳನ್ನು ಪರೀಕ್ಷಿಸಿ ‘ಇವರು ಹಾರಲು ಅರ್ಹರು’ ಎಂದು ಸಹಿ ಹಾಕುವ ಚೆಕ್ ಪೈಲಟ್‌ಗಳೂ ಬಹುಪಾಲು ಇದೇ ಬಳಗದವರು. ನಿಯಮ ಬರೆಯುವ, ಕಲಿಸುವ, ಪರೀಕ್ಷಿಸುವ, ಶಿಕ್ಷಿಸುವ ನಾಲ್ಕೂ ಕೆಲಸಗಳು ಒಂದೇ ಸಣ್ಣ ಗುಂಪಿನ ಕೈಯಲ್ಲಿವೆ. ಆ ಗುಂಪಿನವರೂ ತಿಂಗಳಿಗೆ ಕೆಲವು ಬಾರಿ ವಿಮಾನ ಹಾರಿಸುತ್ತಾರೆ, ಮನುಷ್ಯರಾದ್ದರಿಂದ ತಪ್ಪುತ್ತಾರೆ.

ಅವರು ತಪ್ಪುವ ಸಾಧ್ಯತೆಗೆ ಒಂದು ವಿಶೇಷ ಕಾರಣವೂ ಇದೆ. ಪ್ರಯಾಣಿಕರನ್ನು ಹೊತ್ತು ಹಾರಲು 90 ದಿನಗಳಲ್ಲಿ ಕನಿಷ್ಠ 3 ಟೇಕಾಫ್ ಮತ್ತು 3 ಲ್ಯಾಂಡಿಂಗ್ ಮಾಡಿರಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಲೈನ್ ಪೈಲಟ್ ಅದನ್ನು ಎರಡು ಮೂರು ದಿನಗಳಲ್ಲೇ ಮುಗಿಸುತ್ತಾರೆ. ಸಭೆ, ಕಡತ, ಬಜೆಟ್‌ಗಳ ನಡುವೆ ಸಿಲುಕಿದ ಅಧಿಕಾರಿ-ಪೈಲಟ್ ಆ ಗಡಿಯ ಹತ್ತಿರವೇ ಓಡಾಡಬಹುದು. ಕಾಗದದ ಮೇಲೆ ಇಬ್ಬರೂ ಸಮಾನರು. ಕೈಯ ಹದ ಹಾಗಲ್ಲ; ಬಳಸದೆ ಇಟ್ಟ ಕತ್ತಿಯಂತೆ ಅದಕ್ಕೂ ತುಕ್ಕು ಹಿಡಿಯುತ್ತದೆ. ಅಂದರೆ ಸಂಸ್ಥೆ ಅತ್ಯಂತ ಎಚ್ಚರದಿಂದ ಗಮನಿಸಬೇಕಾದ ಹಾರಾಟಗಳಲ್ಲಿ ಅಧಿಕಾರಿಗಳ ಹಾರಾಟಗಳೂ ಸೇರಿವೆ.

ಹೊರಗಿನವರಿಗೆ ಕಾಣದ ಘಟನೆಗಳು

ವಿಮಾನ ಅಪಘಾತದ ತನಿಖೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಕಪ್ಪು ಪೆಟ್ಟಿಗೆ, ಸ್ವತಂತ್ರ ತನಿಖಾ ಮಂಡಳಿ, ಎಲ್ಲರೂ ಓದಬಹುದಾದ ವರದಿ. ಅಪಘಾತಗಳ ಮಟ್ಟಿಗೆ ಇದು ಬಹುಪಾಲು ನಿಜ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಒಪ್ಪಂದಕ್ಕೆ ಸೇರಿದ 13ನೇ ಅನುಬಂಧವು ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಯಾರ ಮೇಲೂ ದೋಷ ಹೊರಿಸುವುದಲ್ಲ ಎನ್ನುತ್ತದೆ. ಅಲ್ಲಿ ಮುಖ್ಯ ಪೈಲಟ್ ಕೂಡ ಉಳಿದವರಂತೆ ಒಂದು ಹೆಸರು ಅಷ್ಟೇ.

ಆದರೆ ದಿನನಿತ್ಯದ ಘಟನೆಗಳು ಅಪಘಾತಗಳಲ್ಲ. ವೇಗ ಹೆಚ್ಚಾಗಿ ಇಳಿಯುವುದು, ರನ್‌ವೇಗೆ ಗಡುಸಾಗಿ ಬಡಿಯುವುದು, ವಿಮಾನದ ಬಾಲ ನೆಲಕ್ಕೆ ತಾಗುವುದು, ಮಿತಿ ಮೀರಿದ ವೇಗದಲ್ಲಿ ಫ್ಲಾಪ್ (ರೆಕ್ಕೆಯ ಅಂಚಿನ ಫಲಕ) ಬಿಡುವುದು, ನಿಯಂತ್ರಣ ಗೋಪುರ ಹೇಳಿದ ಎತ್ತರವನ್ನು ದಾಟುವುದು: ಇಂಥವುಗಳಲ್ಲಿ ಹೆಚ್ಚಿನವು ಸಂಸ್ಥೆಯ ಒಳಗೇ ಪರಿಶೀಲನೆಯಾಗುತ್ತವೆ. ನಿಯಂತ್ರಕರಿಗೆ ಹೋಗುವ ಮಾಹಿತಿ ಕೂಡ ಸಂಸ್ಥೆ ತಯಾರಿಸಿದ್ದೇ ಆಗಿರುತ್ತದೆ. ಪ್ರಯಾಣಿಕರಿಗೆ, ಪತ್ರಿಕೆಗಳಿಗೆ ಇದರ ಸುಳಿವೇ ಇರುವುದಿಲ್ಲ. ಹೊಣೆಗಾರಿಕೆಯ ಅಸಮಾನತೆ ಬೇರು ಬಿಡುವುದು ಇಲ್ಲಿ, ಈ ಸಣ್ಣ ಘಟನೆಗಳ ಲೋಕದಲ್ಲಿ.

ಇಲ್ಲಿ ವಿವೇಚನೆಗೆ ಎಷ್ಟು ಜಾಗವಿದೆ ಎಂಬುದಕ್ಕೆ ಒಂದು ಅಂಕಿ ಸಾಕು. ಇಳಿಯುವ ವಿಮಾನ ಸಾಮಾನ್ಯವಾಗಿ 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಸರಿಯಾದ ವೇಗ, ಸರಿಯಾದ ಇಳಿಜಾರು, ಸರಿಯಾದ ಫ್ಲಾಪ್ ಇವುಗಳೊಂದಿಗೆ ಸ್ಥಿರವಾಗಿರಬೇಕು. ಇಲ್ಲದಿದ್ದರೆ ಗೋ ಅರೌಂಡ್ ಮಾಡಲೇಬೇಕು ಎಂಬುದು ಹೆಚ್ಚುಕಡಿಮೆ ಎಲ್ಲ ಸಂಸ್ಥೆಗಳ ನಿಯಮ. ಆದರೆ ವಿಮಾನ ಸುರಕ್ಷತೆಗಾಗಿ ಕೆಲಸ ಮಾಡುವ ಫ್ಲೈಟ್ ಸೇಫ್ಟಿ ಫೌಂಡೇಶನ್‌ನ ಅಧ್ಯಯನದ ಪ್ರಕಾರ, ಹಾಗೆ ಅಸ್ಥಿರವಾಗಿ ಬಂದ ವಿಮಾನಗಳಲ್ಲಿ ಶೇ 97ರಷ್ಟು ಗೋ ಅರೌಂಡ್ ಮಾಡದೆ ಇಳಿದವು. ನೂರರಲ್ಲಿ ತೊಂಬತ್ತೇಳು ಮಂದಿ ಮುರಿಯುವ ನಿಯಮವೊಂದು ಇದ್ದಾಗ, ಶಿಕ್ಷೆ ಯಾರಿಗೆ ಎಂಬುದನ್ನು ನಿರ್ಧರಿಸುವುದು ನಿಯಮವಲ್ಲ. ಕಡತ ಹಿಡಿದ ಕೈ. ಅದು ದುರುದ್ದೇಶದ ಕೈ ಆಗಿರಬೇಕೆಂದೇನೂ ಇಲ್ಲ. ಇಪ್ಪತ್ತು ವರ್ಷ ಜೊತೆಗೆ ಹಾರಿದ ಸ್ನೇಹಿತನ ವಿಷಯದಲ್ಲಿ ‘ಅವತ್ತು ಗಾಳಿ ಹಾಗಿತ್ತು, ಅನುಭವದಿಂದ ನಿಭಾಯಿಸಿದ್ದಾರೆ’ ಎಂದು ಅನ್ನಿಸುವುದು ಸಹಜ. ಮುಖ ಪರಿಚಯವಿಲ್ಲದ ಕಿರಿಯ ಕ್ಯಾಪ್ಟನ್ ಅದನ್ನೇ ಮಾಡಿದಾಗ ‘ಶಿಸ್ತಿಲ್ಲ, ನಿಯಮ ಪಾಲನೆ ಇಲ್ಲ’ ಎನಿಸುತ್ತದೆ. ಒಂದೇ ಗ್ರಾಫ್, ಒಂದೇ ಅಂಕಿ. ವಿಶೇಷಣ ಮಾತ್ರ ಬೇರೆ.

ಗ್ರಾಫ್ ಎಂದೆ. ಆಧುನಿಕ ವಿಮಾನ ಪ್ರತಿ ಹಾರಾಟದಲ್ಲೂ ನೂರಾರು, ಕೆಲವೊಮ್ಮೆ ಸಾವಿರಾರು ಅಳತೆಗಳನ್ನು ದಾಖಲಿಸುತ್ತದೆ. ಹಾರಾಟ ದತ್ತಾಂಶ ನಿಗಾ ವ್ಯವಸ್ಥೆ ಅವುಗಳನ್ನು ಇಳಿಸಿಕೊಂಡು, ಮಿತಿ ದಾಟಿದ ಕ್ಷಣಗಳನ್ನು ತಾನಾಗಿಯೇ ಗುರುತಿಸುತ್ತದೆ. ಯಂತ್ರಕ್ಕೆ ಹುದ್ದೆ ಗೊತ್ತಿಲ್ಲ. ಹಾಗಾದರೆ ಅಸಮಾನತೆ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಅದು ಬರುವುದು ಯಂತ್ರ ಗುರುತಿಸಿದ ಮುಂದಿನ ಹೆಜ್ಜೆಯಲ್ಲಿ. ಈ ಗ್ರಾಫ್ ಯಾರದ್ದು ಎಂಬ ಹೆಸರನ್ನು ಯಾರು ನೋಡಬಹುದು, ಪೈಲಟ್‌ಗೆ ಯಾರು ಫೋನ್ ಮಾಡುತ್ತಾರೆ, ಆ ಫೋನ್ ಮಾತುಕತೆ ‘ಏನಾಯಿತು ಹೇಳಿ’ ಎಂದು ಶುರುವಾಗುತ್ತದೋ ‘ನಾಳೆ ಕಚೇರಿಗೆ ಬನ್ನಿ’ ಎಂದೋ? ಒಳ್ಳೆಯ ವ್ಯವಸ್ಥೆಗಳಲ್ಲಿ ಹೆಸರಿನ ಬೀಗದ ಕೈ ಒಬ್ಬ ನಂಬಿಕಸ್ಥ ಮಧ್ಯವರ್ತಿಯ ಬಳಿ ಇರುತ್ತದೆ. ಅವರು ಸಾಮಾನ್ಯವಾಗಿ ಪೈಲಟ್‌ಗಳ ಸಂಘ ಒಪ್ಪಿದ ಹಿರಿಯ ಲೈನ್ ಪೈಲಟ್. ಆ ಮಧ್ಯವರ್ತಿಯ ಬಡ್ತಿ, ರೋಸ್ಟರ್ ಎಲ್ಲವೂ ಯಾರ ಕೈಯಲ್ಲಿದೆಯೋ ಅವರಿಗೇ ಫೋನ್ ಮಾಡಬೇಕಾದ ದಿನ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯುತ್ತದೆ.

ಮೇಜಿಗೆ ಕಪ್ಪು ಪೆಟ್ಟಿಗೆ ಇಲ್ಲ

ಇಲ್ಲಿಯವರೆಗೆ ಕಾಕ್‌ಪಿಟ್‌ನೊಳಗಿನ ತಪ್ಪುಗಳ ಬಗ್ಗೆ ಹೇಳಿದೆ. ಅಧಿಕಾರಿ-ಪೈಲಟ್‌ಗಳು ಮೇಜಿನ ಮೇಲೆ ಮಾಡುವ ತಪ್ಪುಗಳ ಲೆಕ್ಕ ಇನ್ನೂ ಕಷ್ಟ. ಕಾಕ್‌ಪಿಟ್‌ನಲ್ಲಿ ಆಡಿದ ಮಾತು, ಎಳೆದ ಲಿವರ್ ಎಲ್ಲಕ್ಕೂ ದಾಖಲೆಯಿದೆ. ‘ಈ ಮಾರ್ಗಕ್ಕೆ ಇಷ್ಟು ತರಬೇತಿ ಸಾಕು’, ‘ಈ ರೋಸ್ಟರ್ ನಡೆಯುತ್ತದೆ’ ಎಂದು ಕಚೇರಿಯಲ್ಲಿ ತೆಗೆದುಕೊಂಡ ನಿರ್ಧಾರಕ್ಕೆ ಅಂಥ ಯಾವ ಯಂತ್ರವೂ ಸಾಕ್ಷಿಯಲ್ಲ. ಇದರ ಅತ್ಯಂತ ನೋವಿನ ಉದಾಹರಣೆ ಅಂಟಾರ್ಕ್ಟಿಕಾದಲ್ಲಿದೆ.

1979ರ ನವೆಂಬರ್ 28ರಂದು ಏರ್ ನ್ಯೂಜಿಲೆಂಡ್‌ನ ಪ್ರೇಕ್ಷಣಾ ವಿಮಾನವೊಂದು ಅಲ್ಲಿನ ಎರೆಬಸ್ ಪರ್ವತಕ್ಕೆ ಅಪ್ಪಳಿಸಿತು. 257 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮರುವರ್ಷ ಬಂದ ಮುಖ್ಯ ತನಿಖಾಧಿಕಾರಿಯ ವರದಿ, ಸುರಕ್ಷಿತ ಎತ್ತರಕ್ಕಿಂತ ಕೆಳಗೆ ಹಾರಿದ ಕ್ಯಾಪ್ಟನ್ ಜಿಮ್ ಕಾಲಿನ್ಸ್ ಅವರ ನಿರ್ಧಾರವೇ ಮುಖ್ಯ ಕಾರಣ ಎಂದಿತು. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು.

ಆಮೇಲೆ ನ್ಯಾಯಮೂರ್ತಿ ಪೀಟರ್ ಮಹೊನ್ ಅವರ ವಿಚಾರಣಾ ಆಯೋಗ ಬಂತು. ಹಿಂದಿನ ರಾತ್ರಿ ಕಾಲಿನ್ಸ್ ಮನೆಯಲ್ಲಿ ನಕ್ಷೆ ಹರಡಿಕೊಂಡು ಮಾರ್ಗವನ್ನು ಗುರುತಿಸಿಕೊಂಡಿದ್ದರು. ವಾರಗಳ ಹಿಂದೆ ತರಬೇತಿಯಲ್ಲಿ ಅವರಿಗೆ ತೋರಿಸಿದ ಆ ಮಾರ್ಗ ಪರ್ವತವನ್ನು ದೂರವಿಟ್ಟು, ಮಕ್‌ಮರ್ಡೊ ಕೊಲ್ಲಿಯ ಸಮತಟ್ಟಾದ ಮಂಜುಗಡ್ಡೆಯ ಮೇಲೆ ಹಾದುಹೋಗುತ್ತಿತ್ತು. ವಿಮಾನ ಹೊರಡುವುದಕ್ಕೆ ಕೆಲವೇ ಗಂಟೆಗಳ ಮುನ್ನ ಸಂಸ್ಥೆಯ ಕಚೇರಿಯಲ್ಲಿ ಕಂಪ್ಯೂಟರಿನ ನಿರ್ದೇಶಾಂಕಗಳನ್ನು ಬದಲಾಯಿಸಲಾಯಿತು. ಹೊಸ ಗೆರೆ ನೇರವಾಗಿ ಪರ್ವತದ ಮೇಲೆ ಹಾಯುತ್ತಿತ್ತು. ಇದನ್ನು ಪೈಲಟ್‌ಗಳಿಗೆ ಯಾರೂ ಹೇಳಲಿಲ್ಲ. ಬಿಳಿ ಮೋಡದಡಿ ಬಿಳಿ ಇಳಿಜಾರು ಕಣ್ಣಿಗೆ ಬಯಲಿನಂತೆಯೇ ಕಂಡಿತು.

ಕೆಳಗೆ ಹಾರಿದ ವಿಷಯಕ್ಕೆ ಬಂದರೆ, ಹಿಂದಿನ ಹಲವು ಹಾರಾಟಗಳಲ್ಲೂ ವಿಮಾನಗಳು ಕೆಳಮಟ್ಟದಲ್ಲಿ ಹಾರಿದ್ದವು. ಅದನ್ನು ಬಣ್ಣಿಸುವ ಬರಹಗಳು ಸಂಸ್ಥೆಯ ಪ್ರಚಾರ ಸಾಮಗ್ರಿಯಲ್ಲೇ ಇದ್ದವು. ಆದರೂ ಅದು ತಮಗೆ ತಿಳಿದಿರಲಿಲ್ಲ ಎಂದು ಆಡಳಿತದವರು ಆಯೋಗದ ಮುಂದೆ ಹೇಳಿದರು. ಎಲ್ಲರೂ ಮಾಡುತ್ತಿದ್ದ, ಯಾರೂ ತಡೆಯದ ಕೆಲಸ ಅಪಘಾತವಾದ ದಿನ ಒಬ್ಬ ಕ್ಯಾಪ್ಟನ್ನನ ವೈಯಕ್ತಿಕ ಅಪರಾಧವಾಗಿ ಮಾರ್ಪಟ್ಟಿತ್ತು. 1981ರ ತಮ್ಮ ವರದಿಯಲ್ಲಿ ಮಹೊನ್ ಪೈಲಟ್‌ಗಳನ್ನು ದೋಷಮುಕ್ತಗೊಳಿಸಿದರು. ತಮ್ಮ ಮುಂದೆ ನುಡಿದ ಸಾಕ್ಷ್ಯವನ್ನು ‘ವ್ಯವಸ್ಥಿತವಾಗಿ ಹೆಣೆದ ಸುಳ್ಳುಗಳ ಸರಮಾಲೆ’ ಎಂದು ಕರೆದರು. ಆರೋಪಿತರಿಗೆ ಉತ್ತರಿಸಲು ಅವಕಾಶ ಕೊಡದೆ ಹೀಗೆ ಹೇಳಿದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದು 1983ರಲ್ಲಿ, ಆಗ ನ್ಯೂಜಿಲೆಂಡ್‌ನ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಅಪಘಾತದ ಕಾರಣದ ಬಗ್ಗೆ ಮಹೊನ್ ಕಂಡುಕೊಂಡದ್ದನ್ನು ಮಾತ್ರ ಅದು ತಳ್ಳಿಹಾಕಲಿಲ್ಲ. ಮೃತರ ಕುಟುಂಬಗಳಿಗೆ ಸರ್ಕಾರದ ಪರವಾಗಿ ಪ್ರಧಾನಿ ಜಸಿಂಡಾ ಆರ್ಡರ್ನ್ ಕ್ಷಮೆ ಕೇಳಿದ್ದು 2019ರಲ್ಲಿ. ನಲವತ್ತು ವರ್ಷ! ಕಾಲಿನ್ಸ್ ಅವರ ಹೆಣ್ಣುಮಕ್ಕಳು ಆ ದೋಷಾರೋಪದ ನೆರಳಲ್ಲೇ ಬೆಳೆದು ದೊಡ್ಡವರಾದರು.

ಅಧಿಕಾರಿಗಳಿಗೆ ಶಿಕ್ಷೆ ಆಗುವುದೇ ಇಲ್ಲವೇ?

ಆಗುತ್ತದೆ. ಅದನ್ನು ಮರೆಮಾಚಿದರೆ ಈ ಲೇಖನವೇ ಪಕ್ಷಪಾತಿಯಾಗುತ್ತದೆ.

2008ರ ಜನವರಿಯಲ್ಲಿ ಕ್ಯಾಥೇ ಪೆಸಿಫಿಕ್ ಸಂಸ್ಥೆ ಅಮೆರಿಕದ ಬೋಯಿಂಗ್ ಕಾರ್ಖಾನೆಯಿಂದ ಹೊಸ 777 ವಿಮಾನವನ್ನು ಪಡೆದುಕೊಂಡಿತು. ಅದನ್ನು ಹಾಂಗ್‌ಕಾಂಗ್‌ಗೆ ಒಯ್ಯಲು ಹೊರಟವರು ಆ ಮಾದರಿಯ ಮುಖ್ಯ ಪೈಲಟ್. ಟೇಕಾಫ್ ಆದ ಮೇಲೆ ಅವರು ತಿರುಗಿ ಬಂದು, ಚಕ್ರಗಳನ್ನು ಮಡಚಿಕೊಂಡೇ, ರನ್‌ವೇಯಿಂದ ಸುಮಾರು 28 ಅಡಿ ಎತ್ತರದಲ್ಲಿ ವಿಮಾನವನ್ನು ಹಾಯಿಸಿದರು. ಸಂಸ್ಥೆಯ ಅಧ್ಯಕ್ಷರೂ ಒಳಗಿದ್ದರು. ಆ ದೃಶ್ಯದ ವಿಡಿಯೊ ಅಂತರ್ಜಾಲದಲ್ಲಿ ಹರಡಿತು, ಮುಖ್ಯ ಪೈಲಟ್ ಕೆಲಸ ಕಳೆದುಕೊಂಡರು. ಅದಕ್ಕೆ ಮುಂಚಿತವಾಗಿ ಅನುಮತಿ ಪಡೆದಿರಲಿಲ್ಲ ಎಂಬುದು ಸಂಸ್ಥೆಯ ನಿಲುವಾಗಿತ್ತು.

ಭಾರತದಲ್ಲಿ ಏರ್ ಇಂಡಿಯಾದ ಹಿರಿಯ ಅಧಿಕಾರಿ-ಪೈಲಟ್ ಒಬ್ಬರು 2017ರ ಜನವರಿಯಲ್ಲಿ ಹಾರಾಟಕ್ಕೆ ಮುನ್ನ ಕಡ್ಡಾಯವಾದ ಮದ್ಯಪಾನ ಪರೀಕ್ಷೆಯನ್ನು ತಪ್ಪಿಸಿದರೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅವರ ಪರವಾನಗಿಯನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟಿತು. ಅದೇ ವರ್ಷ ಅವರು ಸಂಸ್ಥೆಯ ಕಾರ್ಯಾಚರಣೆ ನಿರ್ದೇಶಕರಾದರು. 2018ರ ನವೆಂಬರ್‌ನಲ್ಲಿ ಲಂಡನ್‌ಗೆ ಹೊರಡಬೇಕಿದ್ದ ವಿಮಾನಕ್ಕೆ ಮುನ್ನ ನಡೆದ ಪರೀಕ್ಷೆಯಲ್ಲಿ ಎರಡು ಬಾರಿ ವಿಫಲರಾದರು. ಫಲಿತಾಂಶವನ್ನು ಅವರು ಒಪ್ಪಲಿಲ್ಲ. ಆದರೂ ಪರವಾನಗಿ ಮೂರು ವರ್ಷ ಅಮಾನತಾಯಿತು, ನಿರ್ದೇಶಕ ಹುದ್ದೆಯೂ ಹೋಯಿತು.

ಈ ಎರಡೂ ಪ್ರಕರಣಗಳಲ್ಲಿ ಶಿಕ್ಷೆ ಆಗಿದೆ. ಆದರೆ ಅದು ಯಾವ ದಾರಿಯಿಂದ ಬಂತು ಎಂಬುದನ್ನು ಗಮನಿಸಿ. ಒಂದರಲ್ಲಿ ಜಗತ್ತೇ ನೋಡಿದ ವಿಡಿಯೊ. ಇನ್ನೊಂದರಲ್ಲಿ ಅಂಕಿ ತೋರಿಸುವ ಯಂತ್ರ ಮತ್ತು ಸಂಸ್ಥೆಯ ಹೊರಗಿನ ನಿಯಂತ್ರಕ. ಎಷ್ಟನೇ ಬಾರಿಗೆ ಎಷ್ಟು ಶಿಕ್ಷೆ ಎಂಬುದು ನಿಯಮದಲ್ಲೇ ಬರೆದಿಟ್ಟದ್ದು. ಒಳಗಿನವರ ವಿವೇಚನೆಗೆ ಜಾಗ ಕಡಿಮೆಯಾದಷ್ಟೂ ಹುದ್ದೆಯ ರಕ್ಷಣೆ ಕಡಿಮೆಯಾಗುತ್ತದೆ. ಅದೇ 2017ರಲ್ಲಿ ಅಮಾನತಿನ ಬೆನ್ನಿಗೇ ಬಂದ ಬಡ್ತಿ ಮಾತ್ರ ಸಂಸ್ಥೆಯ ಒಳಗಿನ ವಿವೇಚನೆಯ ಫಲ. ಇಂಥದ್ದೇ ಅಮಾನತು ಕಡತದಲ್ಲಿರುವ ಒಬ್ಬ ಲೈನ್ ಪೈಲಟ್‌ಗೆ ಅದೇ ವರ್ಷ ಬಡ್ತಿ ಸಿಗುವುದನ್ನು ಊಹಿಸಿಕೊಳ್ಳಲು ನನಗೆ ಕಷ್ಟವಾಗುತ್ತದೆ.

ಶಿಕ್ಷೆಯ ತೂಕದಲ್ಲೂ ವ್ಯತ್ಯಾಸವಿದೆ. ಅಧಿಕಾರಿ-ಪೈಲಟ್ ಕಚೇರಿಯ ಹುದ್ದೆ ಬಿಟ್ಟುಕೊಟ್ಟರೆ ಅವರಿಗೆ ಕ್ಯಾಪ್ಟನ್ನನ ಸೀಟು ಉಳಿದಿರುತ್ತದೆ. ಲೈನ್ ಕ್ಯಾಪ್ಟನ್‌ಗೆ ಬಿಟ್ಟುಕೊಡಲು ಆ ಸೀಟಿನ ಹೊರತು ಬೇರೇನೂ ಇಲ್ಲ. 1989ರ ನವೆಂಬರ್‌ನಲ್ಲಿ ದಟ್ಟ ಮಂಜಿನ ನಡುವೆ ಲಂಡನ್ನಿನ ಹೀಥ್ರೊದಲ್ಲಿ ಇಳಿಯಲು ಬಂದ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ದಾರಿ ತಪ್ಪಿ, ಹೋಟೆಲೊಂದರ ಛಾವಣಿಯನ್ನು ಸ್ವಲ್ಪದರಲ್ಲೇ ತಪ್ಪಿಸಿಕೊಂಡು ಮೇಲೇರಿತು. ಎರಡನೇ ಯತ್ನದಲ್ಲಿ ಸುರಕ್ಷಿತವಾಗಿ ಇಳಿಯಿತು. ಸಿಬ್ಬಂದಿ ಹೊಟ್ಟೆ ಕೆಟ್ಟು ಬಳಲಿದ್ದರು. ಅಂಥ ಮಂಜಿನಲ್ಲಿ ಇಳಿಯುವ ಅರ್ಹತೆ ಇಲ್ಲದ ಸಹ-ಪೈಲಟ್‌ಗೆ ಸಂಸ್ಥೆಯ ಕಚೇರಿಯೇ ವಿಶೇಷ ಅನುಮತಿ ಕೊಟ್ಟಿತ್ತು. 1991ರಲ್ಲಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತು, ತಪ್ಪಿತಸ್ಥರೆನಿಸಿ 2,000 ಪೌಂಡ್ ದಂಡ ತೆತ್ತವರು ಕ್ಯಾಪ್ಟನ್. ಅನುಮತಿ ಕೊಟ್ಟ ಮೇಜಿನವರು ಅಲ್ಲಿ ನಿಲ್ಲಬೇಕಾಗಲಿಲ್ಲ.

ಪಕ್ಕದ ಸೀಟಿನವರ ಮೌನ

ಅಸಮಾನ ಶಿಕ್ಷೆ ನೌಕರರ ನಡುವಿನ ಅನ್ಯಾಯ, ಅದರಿಂದ ಪ್ರಯಾಣಿಕರಿಗೇನು ಎಂದು ಅನ್ನಿಸಬಹುದು. ಪ್ರಯಾಣಿಕರಿಗೇ ಹೆಚ್ಚು, ಏಕೆಂದರೆ ಅದರ ಮೊದಲ ಪರಿಣಾಮ ಕಾಣುವುದು ಕಾಕ್‌ಪಿಟ್‌ನ ಬಲಗಡೆಯ ಸೀಟಿನಲ್ಲಿ.

1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಮಂಜಿನಲ್ಲಿ ಅನುಮತಿ ಇಲ್ಲದೆ ಟೇಕಾಫ್ ಆರಂಭಿಸಿದ, ನೆದರ್ಲೆಂಡ್ಸ್‌ನ ಕೆಎಲ್ಎಂ ಸಂಸ್ಥೆಯ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ 747 ತರಬೇತಿಯ ಮುಖ್ಯಸ್ಥರಾಗಿದ್ದರು. ಜಾಹೀರಾತಿನಲ್ಲಿ ಕಾಣಿಸಿಕೊಂಡ ಮುಖವೂ ಅವರದ್ದೇ. ಪಕ್ಕದಲ್ಲಿದ್ದ ಸಹ-ಪೈಲಟ್‌ಗೆ ಆ ವಿಮಾನ ಹಾರಿಸಲು ಅರ್ಹತೆ ನೀಡಿದವರು ಸ್ವತಃ ಆ ಕ್ಯಾಪ್ಟನ್. ವಿಮಾನ ಓಡತೊಡಗಿದ ಮೇಲೆ ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್ ಖಚಿತ ದನಿಯಲ್ಲಿ ‘ಹೌದು, ಬಿಟ್ಟಿದೆ’ ಎಂಬರ್ಥದ ಉತ್ತರ ಕೊಟ್ಟರು. ಮತ್ತೆ ಯಾರೂ ಕೇಳಲಿಲ್ಲ.

ಈ ದುರಂತದ ನಂತರ ಕಾಕ್‌ಪಿಟ್‌ನಲ್ಲಿ ಕಿರಿಯರು ಧೈರ್ಯದಿಂದ ಮಾತನಾಡಬೇಕು, ಹಿರಿಯರು ಕೇಳಿಸಿಕೊಳ್ಳಬೇಕು ಎಂಬ ತರಬೇತಿ ಜಗತ್ತಿನಾದ್ಯಂತ ಬೆಳೆಯಿತು. ಅದರಿಂದ ಬಹಳ ಜೀವಗಳು ಉಳಿದಿವೆ. ಆದರೆ ತರಬೇತಿ ಕೊಠಡಿಯಲ್ಲಿ ಕಲಿತದ್ದನ್ನು ಮನುಷ್ಯರು ತಮ್ಮ ಸುತ್ತ ನಡೆಯುವುದರ ಜೊತೆ ತಾಳೆ ನೋಡುತ್ತಾರೆ. ಮುಖ್ಯ ಪೈಲಟ್‌ನ ಅಸ್ಥಿರ ಲ್ಯಾಂಡಿಂಗ್ ಬಗ್ಗೆ ಬರೆದ ಸಹೋದ್ಯೋಗಿಗೆ ಮುಂದೆ ಏನಾಯಿತು ಎಂಬುದು ಕ್ರೂ ರೂಮಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಏನೂ ಆಗಲಿಲ್ಲ ಎಂದಾದರೆ ‘ಬರೆದೇನು ಪ್ರಯೋಜನ’ ಎಂಬ ಭಾವ. ಬರೆದವರ ಕ್ಯಾಪ್ಟನ್ ಬಡ್ತಿಯೇ ಹಿಂದೆ ಬಿತ್ತು ಎಂದಾದರೆ ಇನ್ನು ಮುಂದೆ ಯಾರೂ ಬರೆಯುವುದಿಲ್ಲ.

ವರದಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ವಿಮಾನಯಾನದ ಇತಿಹಾಸದಲ್ಲೇ ಉತ್ತರವಿದೆ. 1974ರ ಡಿಸೆಂಬರ್ 1ರಂದು ಅಮೆರಿಕದ ಟಿಡಬ್ಲ್ಯೂಎ ಸಂಸ್ಥೆಯ 514ನೇ ವಿಮಾನ ವಾಷಿಂಗ್ಟನ್ ಸಮೀಪದ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ವಾಯು ಸಂಚಾರ ನಿಯಂತ್ರಕರ ಅನುಮತಿಯ ಮಾತನ್ನು ಪೈಲಟ್‌ಗಳು ತಪ್ಪಾಗಿ ಅರ್ಥೈಸಿಕೊಂಡು ಬೇಗ ಕೆಳಗಿಳಿದಿದ್ದರು. ಸುಮಾರು ಆರು ವಾರಗಳ ಹಿಂದೆ ಅದೇ ಜಾಗದಲ್ಲಿ, ಅದೇ ಗೊಂದಲಕ್ಕೆ ಸಿಲುಕಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಹೊರಗಿನವರಿಗೆ ಸುದ್ದಿ ತಲುಪಿಸುವ ದಾರಿಯೇ ಇರಲಿಲ್ಲ.

ಸಮಾನ ಅಳತೆ ಹೇಗಿರಬಹುದು

ಈ ಕ್ಷೇತ್ರದಲ್ಲಿ ‘ಜಸ್ಟ್ ಕಲ್ಚರ್’ ಎಂಬ ಮಾತು ಬಳಕೆಯಲ್ಲಿದೆ. ನ್ಯಾಯಯುತ ವಾತಾವರಣ ಎನ್ನೋಣ. ಪ್ರಾಮಾಣಿಕ ತಪ್ಪಿಗೆ ಶಿಕ್ಷೆ ಬೇಡ, ಘೋರ ನಿರ್ಲಕ್ಷ್ಯ ಮತ್ತು ಬೇಕೆಂದೇ ಮಾಡಿದ ಉಲ್ಲಂಘನೆಗೆ ಕ್ಷಮೆ ಬೇಡ ಎಂಬುದು ಅದರ ತಿರುಳು. ಯುರೋಪಿಯನ್ ಒಕ್ಕೂಟದ 2014ರ 376ನೇ ನಿಯಂತ್ರಣ ಇದನ್ನು ಕಾನೂನಾಗಿಸಿದೆ. ಅದರ ವ್ಯಾಖ್ಯೆಯಲ್ಲಿ ಒಂದು ಪದಗುಚ್ಛವಿದೆ: ತಮ್ಮ ‘ಅನುಭವ ಮತ್ತು ತರಬೇತಿಗೆ ತಕ್ಕುದಾದ’ ನಿರ್ಧಾರಗಳಿಗಾಗಿ ಜನರನ್ನು ಶಿಕ್ಷಿಸಬಾರದು. ಇದನ್ನು ನಿಧಾನವಾಗಿ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಹೆಚ್ಚು ಅನುಭವ, ಹೆಚ್ಚು ತರಬೇತಿ ಇರುವವರಿಂದ ಹೆಚ್ಚು ನಿರೀಕ್ಷಿಸಬೇಕೆಂದು ಈ ಮಾತಿನ ಅರ್ಥ. ನಿಯಮ ಬರೆದವರೇ ಅದನ್ನು ಮುರಿದಾಗ ‘ಗೊತ್ತಿರಲಿಲ್ಲ’ ಎಂಬ ರಿಯಾಯಿತಿ ಸಿಗುವಂತಿಲ್ಲ. ನಿತ್ಯ ನಡೆಯುವುದು ಇದಕ್ಕೆ ತದ್ವಿರುದ್ಧ: ಅನುಭವವೇ ಸಮರ್ಥನೆಯಾಗುತ್ತದೆ.

ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರ ಬರಹಗಳಿಂದ ಪ್ರಚಲಿತವಾದ ಬದಲಿ ಪರೀಕ್ಷೆ ಎಂಬುದೊಂದಿದೆ. ತಪ್ಪಿದವರ ಜಾಗದಲ್ಲಿ ಅಷ್ಟೇ ಅರ್ಹತೆಯ ಇನ್ನೊಬ್ಬರನ್ನು ಕೂರಿಸಿ ನೋಡಿ. ಅವರೂ ಹಾಗೆಯೇ ಮಾಡುತ್ತಿದ್ದರೇ? ಹೌದು ಎಂದಾದರೆ ದೋಷ ವ್ಯವಸ್ಥೆಯದ್ದು. ನನಗನ್ನಿಸುವಂತೆ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಬೇಕು: ಇದೇ ಕಡತದ ಮೇಲೆ ಬೇರೊಬ್ಬರ ಹೆಸರಿದ್ದರೆ ನಾವು ಇದೇ ತೀರ್ಮಾನ ಕೊಡುತ್ತಿದ್ದೆವೇ? ಹೆಸರು ಮುಚ್ಚಿ ಕಡತ ಓದುವುದು ಕಷ್ಟದ ಕೆಲಸವೇನಲ್ಲ.

ರಚನೆಯ ಮಟ್ಟದಲ್ಲಿ ಮಾಡಬೇಕಾದದ್ದು ಬಹುಪಾಲು ಗೊತ್ತಿರುವುದೇ. ಸುರಕ್ಷತಾ ಮುಖ್ಯಸ್ಥರು ಕಾರ್ಯಾಚರಣೆ ಮುಖ್ಯಸ್ಥರ ಕೈಕೆಳಗಿರದೆ, ಸಂಸ್ಥೆಯ ಅಂತಿಮ ಹೊಣೆ ಹೊತ್ತ ಮುಖ್ಯ ಕಾರ್ಯನಿರ್ವಾಹಕರಿಗೆ ನೇರವಾಗಿ ವರದಿ ಮಾಡಬೇಕು ಎಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಅಮೆರಿಕದ ಹಲವು ಸಂಸ್ಥೆಗಳಲ್ಲಿ ಪೈಲಟ್‌ಗಳು ಸ್ವಯಂಪ್ರೇರಿತವಾಗಿ ಸಲ್ಲಿಸಿದ ವರದಿಗಳನ್ನು ಮೂವರು ಒಟ್ಟಿಗೆ ಕೂತು ಪರಿಶೀಲಿಸುತ್ತಾರೆ: ಸಂಸ್ಥೆಯ ಒಬ್ಬರು, ಪೈಲಟ್ ಸಂಘದ ಒಬ್ಬರು, ನಿಯಂತ್ರಕ ಸಂಸ್ಥೆಯ ಒಬ್ಬರು. ಮೂವರೂ ಒಪ್ಪುವ ತೀರ್ಮಾನಕ್ಕೆ ಬರಬೇಕು. ಒಬ್ಬರ ಸ್ನೇಹವೋ ಹಗೆಯೋ ಇಲ್ಲಿ ಸುಲಭಕ್ಕೆ ಗೆಲ್ಲುವುದಿಲ್ಲ. ಅಧಿಕಾರಿ-ಪೈಲಟ್ ಭಾಗಿಯಾದ ಘಟನೆಯಲ್ಲಿ ಅವರ ಕೈಕೆಳಗಿನವರಾಗಲಿ, ಅವರ ಸಮಾನ ಹುದ್ದೆಯವರಾಗಲಿ ತೀರ್ಮಾನಿಸಬಾರದು. ಹೊರಗಿನ ಪರಿಣತರೇ ಬರಬೇಕು ಎಂಬ ಸರಳ ನಿಯಮವನ್ನು ಸಂಸ್ಥೆಗಳು ತಮ್ಮ ಕೈಪಿಡಿಯಲ್ಲಿ ಬರೆದುಕೊಳ್ಳಬಹುದು. ಘಟನೆ ನಡೆದು ಹಾಗೆ ಇತ್ಯರ್ಥವಾದ ಮೇಲೆ, ಹೆಸರು ಅಳಿಸಿ ಅದರ ವಿವರವನ್ನು ಎಲ್ಲ ಪೈಲಟ್‌ಗಳಿಗೂ ಹಂಚಬಹುದು.

ಅಧಿಕಾರಿಗಳನ್ನು ಹೆಚ್ಚು ಶಿಕ್ಷಿಸಿ ಸರಿದೂಗಿಸಬೇಕು ಎಂಬ ವಾದವೂ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ತಪ್ಪೊಪ್ಪಿಕೊಂಡ ಮುಖ್ಯ ಪೈಲಟ್‌ನ ತಲೆ ಉರುಳಿದರೆ ಮುಂದಿನ ಮುಖ್ಯ ಪೈಲಟ್ ಮುಚ್ಚಿಡುವುದನ್ನು ಕಲಿಯುತ್ತಾರೆ ಅಷ್ಟೇ. ತರಬೇತಿ ಮುಖ್ಯಸ್ಥರೊಬ್ಬರು ‘ಕಳೆದ ವಾರ ನಾನು ಅಸ್ಥಿರವಾಗಿ ಬಂದು ಇಳಿಸಿದೆ, ಗೋ ಅರೌಂಡ್ ಮಾಡಬೇಕಿತ್ತು, ಏಕೆ ಮಾಡಲಿಲ್ಲ ಎಂದು ಹೇಳುತ್ತೇನೆ’ ಎಂದು ಕಿರಿಯರ ಮುಂದೆ ನಿಂತು ಹೇಳಬಲ್ಲರಾದರೆ, ಆ ಅರ್ಧ ಗಂಟೆ ಹತ್ತು ಸುತ್ತೋಲೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಟಿಡಬ್ಲ್ಯೂಎ ದುರಂತದ ನಂತರ ಅಮೆರಿಕದ ನಿಯಂತ್ರಕ ಸಂಸ್ಥೆ 1975ರಲ್ಲಿ ಪೈಲಟ್‌ಗಳಿಂದ ವರದಿ ಪಡೆಯುವ ಯೋಜನೆಯನ್ನು ತಾನೇ ಆರಂಭಿಸಿತು. ಪೈಲಟ್‌ಗಳು ನಂಬಲಿಲ್ಲ. ಪರವಾನಗಿ ಕಿತ್ತುಕೊಳ್ಳಬಲ್ಲವರಿಗೇ ತಪ್ಪು ಬರೆದು ಕೊಡುವುದು ಹೇಗೆ? ಆಗ ನಿಯಂತ್ರಕ ಸಂಸ್ಥೆ ಆ ಕೆಲಸವನ್ನು, ಯಾರನ್ನೂ ಶಿಕ್ಷಿಸುವ ಅಧಿಕಾರವೇ ಇಲ್ಲದ ನಾಸಾಗೆ ಒಪ್ಪಿಸಿತು. 1976ರಿಂದ ಅದು ನಡೆಯುತ್ತಿದೆ. ಹತ್ತು ಲಕ್ಷಕ್ಕೂ ಹೆಚ್ಚು ವರದಿಗಳು ಬಂದಿವೆ. ವರದಿಯ ನಮೂನೆಯ ಮೇಲ್ಭಾಗದಲ್ಲಿ ಹೆಸರು, ವಿಳಾಸ ಬರೆಯುವ ಒಂದು ಪಟ್ಟಿಯಿದೆ. ವಿಶ್ಲೇಷಕರು ವರದಿ ಓದಿ, ಅನುಮಾನವಿದ್ದರೆ ಫೋನ್ ಮಾಡಿ ಕೇಳಿ, ಆಮೇಲೆ ಆ ಪಟ್ಟಿಗೆ ದಿನಾಂಕದ ಮುದ್ರೆ ಒತ್ತಿ, ಬೇರ್ಪಡಿಸಿ, ಬರೆದವರಿಗೇ ಅಂಚೆಯಲ್ಲಿ ಹಿಂತಿರುಗಿಸುತ್ತಾರೆ. ಪ್ರತಿ ಇಟ್ಟುಕೊಳ್ಳುವುದಿಲ್ಲ. ಉಳಿಯುವ ಹಾಳೆಯಲ್ಲಿ ಎತ್ತರ, ವೇಗ, ಹವಾಮಾನ, ನಡೆದ ಸಂಗತಿ ಇರುತ್ತವೆ. ಅದನ್ನು ಬರೆದವರು ಮುಖ್ಯ ಪೈಲಟ್ ಆಗಿರಲಿ, ಅವರ ಪಕ್ಕದಲ್ಲಿ ಕೂತಿದ್ದ ಪ್ರೊಬೇಷನ್‌ನ ಹುಡುಗನಾಗಿರಲಿ, ಅವರ ಹೆಸರು ಆ ಹಾಳೆಯಲ್ಲಿ ಇರುವುದಿಲ್ಲ.